ಮಾರ್ಚ್ ತಿಂಗಳ ನೂಕುನುಗ್ಗಲಿಗೆ ಮುನ್ನ: ಹೊಸ ವಿಮಾ ಏಜೆಂಟರ ಪೂರ್ವಸಿದ್ಧತೆ

ವಿಮಾ ವ್ಯವಹಾರಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳು ಸುಗ್ಗಿಯ ಕಾಲ. ತೆರಿಗೆ ಉಳಿತಾಯದ ನೆನಪಾಗಿ ಜನರು ಜೀವ ವಿಮೆಯತ್ತ ತಿರುಗುವುದು ಈ ಅವಧಿಯಲ್ಲಿಯೇ. ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಅಗ್ನಿ ವಿಮೆಯ ಪಾಲಿಸಿಗಳಲ್ಲಿಯೂ ಅನೇಕವು ಲೆಕ್ಕಪತ್ರದ ವರ್ಷಕ್ಕೆ ಹೊಂದಿಕೊಂಡು ಮಾರ್ಚ್ 31ರ ಮಧ್ಯರಾತ್ರಿಗೆ ಮುಗಿಯುತ್ತವೆ. ವ್ಯಾಪಾರಸ್ಥರ ಮನೆಗಳಿಂದಲೇ ಎಷ್ಟೋ ಯುವಕ ಯುವತಿಯರು ಏಜೆನ್ಸಿ ಪಡೆದು ಈ ಕ್ಷೇತ್ರಕ್ಕೆ ಬರುತ್ತಿದ್ದಾರೆ. ಅವರ ಮೊದಲ ಮಾರ್ಚ್ ಹೇಗೆ ಕಳೆಯುತ್ತದೆ ಎಂಬುದು ಅವರ ಕಮಿಷನ್ನಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಆ ಅವಸರದಲ್ಲಿ ತಪ್ಪಾಗಿ ಬರೆದ ಒಂದು ಅಂಕಿ, ಬೆಂಕಿ ಬಿದ್ದ ದಿನ ವ್ಯಾಪಾರಿಯ ತಲೆಯ ಮೇಲೆ ಬಂದು ಕೂರುತ್ತದೆ.

ಪರೀಕ್ಷೆ ಮುಗಿಸಿ ಬಂದ ಹೊಸಬರು ಸಾಮಾನ್ಯವಾಗಿ ಮಾಡುವ ಸಿದ್ಧತೆಯೆಂದರೆ ಹೆಸರುಗಳ ಪಟ್ಟಿ. ನೂರು ಪರಿಚಿತರ ಹೆಸರು, ದೂರವಾಣಿ ಸಂಖ್ಯೆ, ಕೈಯಲ್ಲೊಂದು ಪ್ರೀಮಿಯಂ ಕೋಷ್ಟಕ. ಪಟ್ಟಿ ಬೇಕು, ನಿಜ. ಆದರೆ ಮಾರ್ಚ್ ತಿಂಗಳಿನಲ್ಲಿ ಯಾವ ವ್ಯಾಪಾರಿಗೂ ಕುಳಿತು ಮಾತನಾಡುವ ಪುರುಸೊತ್ತಿರುವುದಿಲ್ಲ. ಆದ್ದರಿಂದ ನಿಜವಾದ ಕೆಲಸ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಡೆಯಬೇಕು. ದೀಪಾವಳಿಯ ವಹಿವಾಟು ಇಳಿದ ಮೇಲೆ ಒಂದೊಂದೇ ಅಂಗಡಿಗೆ ಹೋಗಿ, ಹಳೆಯ ಪಾಲಿಸಿಯನ್ನು ಕೇಳಿ ಪಡೆದು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗೋದಾಮನ್ನು ಸುತ್ತಿ ಬರುವುದು ಒಳ್ಳೆಯ ಪಾಠ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರವನ್ನು ಉದಾಹರಣೆಯಾಗಿ ನೋಡಬಹುದು. ಅಲ್ಲಿ ಮಾಲಿನ ಆವಕ ಏರುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಕೊಂಡ ಮಾಲು ಸ್ವಂತ ಗೋದಾಮಿನಿಂದ ಶೀತಲಗೃಹಕ್ಕೆ ಸಾಗುತ್ತದೆ. ಪಾಲಿಸಿ ನವೀಕರಣವಾಗುವುದೂ ಅದೇ ಗಡಿಬಿಡಿಯಲ್ಲಿ, ಕಳೆದ ವರ್ಷದ ಮೊತ್ತಕ್ಕೆ, ಕಳೆದ ವರ್ಷದ ವಿಳಾಸಕ್ಕೆ. ಇಂಥ ಒಬ್ಬ ವ್ಯಾಪಾರಿಯ ದಾಸ್ತಾನು 40 ಲಕ್ಷ ರೂಪಾಯಿ ಬೆಲೆಯದೆಂದು ಭಾವಿಸೋಣ. ಬ್ಯಾಂಕಿನ ಸಾಲ 25 ಲಕ್ಷ. ವಿಮೆಯನ್ನೂ ಸಾಲದ ಮೊತ್ತಕ್ಕೇ ಇಳಿಸಲಾಗಿದೆ. ಬೆಂಕಿಯಲ್ಲಿ 8 ಲಕ್ಷದ ಮಾಲು ಹೋಯಿತು. 25 ಲಕ್ಷದ ವಿಮೆಯಿರುವಾಗ 8 ಲಕ್ಷ ಬಂದೇ ಬರುತ್ತದೆಂದು ವ್ಯಾಪಾರಿ ನಂಬಿರುತ್ತಾನೆ. ಸರ್ವೇಯರ್ ಹಾಕುವ ಲೆಕ್ಕವೇ ಬೇರೆ. 40 ಲಕ್ಷದ ಆಸ್ತಿಗೆ 25 ಲಕ್ಷದ ವಿಮೆ ಮಾಡಿಸಿದವನು ಉಳಿದ ಪಾಲಿಗೆ ತಾನೇ ಹೊಣೆಗಾರ. ಆದ್ದರಿಂದ 8 ಲಕ್ಷವನ್ನು 25ರಿಂದ ಗುಣಿಸಿ 40ರಿಂದ ಭಾಗಿಸಿದರೆ ಬರುವುದು 5 ಲಕ್ಷ. ಪಾಲಿಸಿಯಲ್ಲಿ ನಮೂದಾದ ಕಡ್ಡಾಯ ಕಡಿತವೂ ಅದರಲ್ಲಿ ಹೋಗುತ್ತದೆ. ಇದೇ ಸರಾಸರಿ ನಿಯಮ. ಹೊಸ ಏಜೆಂಟರು ಈ ಒಂದು ಲೆಕ್ಕವನ್ನು ಗ್ರಾಹಕರ ಮುಂದೆ ಕಾಗದದ ಮೇಲೆ ಹಾಕಿ ತೋರಿಸಲು ಕಲಿತರೆ, ಹತ್ತು ಮಡಿಕೆಪತ್ರಗಳು ಮಾಡದ ಕೆಲಸವನ್ನು ಅದು ಮಾಡುತ್ತದೆ.

2021ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಗಳಿಗೆಂದೇ ಎರಡು ಮಾದರಿ ಪಾಲಿಸಿಗಳು ಜಾರಿಗೆ ಬಂದವು. ಒಂದೇ ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿಯವರೆಗಿದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದಕ್ಕೂ ಮೇಲೆ 50 ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಇವುಗಳಲ್ಲಿ ವಿಮಾ ಮೊತ್ತದ ಕೊರತೆ ಶೇ. 15ರೊಳಗಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮೇಲಿನ ವ್ಯಾಪಾರಿ 34 ಲಕ್ಷಕ್ಕಾದರೂ ವಿಮೆ ಮಾಡಿಸಿದ್ದರೆ ಸರಾಸರಿಯ ಕತ್ತರಿ ಬೀಳುತ್ತಿರಲಿಲ್ಲ. ಹೆಚ್ಚುವರಿ 9 ಲಕ್ಷದ ಪ್ರೀಮಿಯಂ ಉಳಿಸಿದ್ದರ ಫಲ 3 ಲಕ್ಷದ ನಷ್ಟ.

ಮೊತ್ತದಷ್ಟೇ ಮುಖ್ಯವಾದುದು ವಿಳಾಸ. ಪಾಲಿಸಿಯಲ್ಲಿ ಬರೆದ ಕಟ್ಟಡದಲ್ಲಿರುವ ಮಾಲಿಗಷ್ಟೇ ಸಾಮಾನ್ಯ ಅಗ್ನಿ ವಿಮೆ ಅನ್ವಯಿಸುತ್ತದೆ. ಬಾಡಿಗೆಗೆ ಹಿಡಿದ ಎರಡನೆಯ ಗೋದಾಮು, ಊರಾಚೆಯ ಶೀತಲಗೃಹ ಇವು ಅದರಲ್ಲಿ ಬರೆದಿವೆಯೇ ಎಂದು ನೋಡಬೇಕು. ಹಲವು ಸ್ಥಳಗಳ ದಾಸ್ತಾನಿಗೆ ಒಟ್ಟಾಗಿ ಅನ್ವಯಿಸುವ ಫ್ಲೋಟರ್ ಪಾಲಿಸಿ ಇದೆ; ದಾಸ್ತಾನು ಏರಿಳಿಯುವವರಿಗೆ ಆಗಾಗ ಮೌಲ್ಯ ಘೋಷಿಸುವ ಪಾಲಿಸಿಯೂ ಇದೆ. ಶೀತಲಗೃಹದ ಯಂತ್ರ ಕೆಟ್ಟು ಮಾಲು ಹಾಳಾದರೆ ಅಗ್ನಿ ವಿಮೆ ನೆರವಿಗೆ ಬರುವುದಿಲ್ಲ. ಬೀಗ ಮುರಿದು ನಡೆಯುವ ಕಳವಿಗೂ ಬೇರೆ ಪಾಲಿಸಿ ಬೇಕು. ತಾವು ಮಾರುವ ಪಾಲಿಸಿ ಏನನ್ನು ಕೊಡುವುದಿಲ್ಲ ಎಂಬುದನ್ನು ಮೊದಲು ಓದಿಕೊಳ್ಳುವ ಏಜೆಂಟರು ವಿರಳ.

ಜೀವ ಮತ್ತು ಆರೋಗ್ಯ ವಿಮೆಯಲ್ಲಿ ಹಳೆಯ ಮಾತಿನ ವರಸೆ ಬದಲಾಗಬೇಕಾಗಿದೆ. 2023–24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಪದ್ಧತಿಯಾಗಿದೆ, ಮತ್ತು ಅದರಲ್ಲಿ ಈ ಪ್ರೀಮಿಯಂಗಳಿಗೆ ವಿನಾಯಿತಿ ಇಲ್ಲ. ಗ್ರಾಹಕರು ಯಾವ ಪದ್ಧತಿಯಲ್ಲಿದ್ದಾರೆಂದು ಕೇಳದೆ ‘ತೆರಿಗೆ ಉಳಿಯುತ್ತದೆ’ ಎನ್ನುವುದು ಸುಳ್ಳು ಹೇಳಿದಂತೆಯೇ ಸರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ಪಾಲಿಸಿಗಳ ಮೇಲಿನ ಜಿ.ಎಸ್.ಟಿ. ರದ್ದಾಯಿತು, ಅಗ್ನಿ ವಿಮೆಗೆ ಈ ವಿನಾಯಿತಿ ದೊರೆಯಲಿಲ್ಲ.

ಪ್ರಸ್ತಾವನಾ ಪತ್ರವನ್ನು ಗ್ರಾಹಕರಿಗೆ ಓದಿ ಹೇಳಿ ತುಂಬಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ‘ಅದನ್ನೇಕೆ ಬರೆಯುವುದು’ ಎಂದು ಬಿಟ್ಟುಬಿಡುವ ಚಾಳಿ ಮಾರ್ಚ್ ತಿಂಗಳಲ್ಲಿ ಹೆಚ್ಚುತ್ತದೆ. ವಿಮಾ ಕಾಯಿದೆಯ 45ನೆಯ ಕಲಮಿನಂತೆ ಜೀವ ವಿಮೆಯ ಪಾಲಿಸಿಯನ್ನು ಮೂರು ವರ್ಷಗಳವರೆಗೆ ಪ್ರಶ್ನಿಸುವ ಹಕ್ಕು ಕಂಪನಿಗಿದೆ. ಆ ಅವಧಿಯಲ್ಲಿ ಮರಣ ಸಂಭವಿಸಿದರೆ, ಮುಚ್ಚಿಟ್ಟ ಒಂದು ಸಾಲಿನ ಬೆಲೆ ತೆರುವವರು ಮನೆಯವರು. ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ ಎಂದು 2024ರಲ್ಲಿ ನಿಗದಿಯಾಗಿದೆ. ಬರೆದು ಕಾಯುವುದು ಬಚ್ಚಿಡುವುದಕ್ಕಿಂತ ಲೇಸು.

ಇನ್ನು ಹಣದ ವಿಷಯ. ‘ತಮ್ಮಾ, ನಿನ್ನ ಕಮಿಷನ್‌ದಾಗ ನಮಗೆಷ್ಟು ಬಿಡ್ತೀ?’ ಎಂಬ ಪ್ರಶ್ನೆ ಪೇಟೆಯಲ್ಲಿ ಎದುರಾಗದೆ ಇರದು. 1938ರ ವಿಮಾ ಕಾಯಿದೆಯ 41ನೆಯ ಕಲಮು ಹೀಗೆ ಬಿಟ್ಟುಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ. ಹೊಸಬರು ಮೊದಲ ವರ್ಷ ಒಮ್ಮೆ ಬಿಟ್ಟುಕೊಟ್ಟರೆ ಪ್ರತಿ ನವೀಕರಣಕ್ಕೂ ಅದೇ ಬೇಡಿಕೆ ಬರುತ್ತದೆ. ಬದಲಿಗೆ ಗೋದಾಮು ಸುತ್ತಿದ ಶ್ರಮವನ್ನು ತೋರಿಸುವುದೇ ಉತ್ತರ. ಅದೇ ಕಾಯಿದೆಯ 64ವಿಬಿ ಕಲಮು ಇನ್ನೂ ನೇರವಾದುದು: ಪ್ರೀಮಿಯಂ ಮುಂಗಡವಾಗಿ ಸಂದಾಯವಾಗದೆ ಕಂಪನಿ ಹೊಣೆ ಹೊರುವಂತಿಲ್ಲ. ಏಜೆಂಟರು ಸಂಗ್ರಹಿಸಿದ ಹಣವನ್ನು ಬ್ಯಾಂಕ್ ಮತ್ತು ಅಂಚೆ ರಜೆಗಳನ್ನು ಬಿಟ್ಟು 24 ಗಂಟೆಗಳೊಳಗೆ ಕಂಪನಿಗೆ ತಲುಪಿಸಬೇಕು ಅಥವಾ ಅಂಚೆಯಲ್ಲಿ ರವಾನಿಸಬೇಕು. ಮಾರ್ಚ್ 30ರಂದು ಪಡೆದ ಚೆಕ್ಕು ಚೀಲದಲ್ಲೇ ಉಳಿದು ಏಪ್ರಿಲ್ 2ಕ್ಕೆ ಕಚೇರಿ ಸೇರಿದರೆ, ನಡುವಿನ ದಿನಗಳಲ್ಲಿ ಗೋದಾಮಿಗೆ ರಕ್ಷಣೆ ಇದೆಯೇ ಎಂಬುದೇ ವ್ಯಾಜ್ಯಕ್ಕೆ ದಾರಿಯಾಗುತ್ತದೆ. ಅನುಭವಿಗಳು ಮಾರ್ಚ್ 20ರೊಳಗೆ ನವೀಕರಣ ಮುಗಿಸುವ ಶಿಸ್ತನ್ನು ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಸುತ್ತು ಉಳಿದಿರುತ್ತದೆ. ಬಂದ ಪಾಲಿಸಿಯನ್ನು ಗ್ರಾಹಕರ ಎದುರಿಗೇ ಬಿಚ್ಚಿ ಹೆಸರು, ವಿಳಾಸ, ಮೊತ್ತ, ಬ್ಯಾಂಕಿನ ಹೆಸರು ಇಷ್ಟನ್ನು ಓದಿ ತಾಳೆ ನೋಡಬೇಕು. ತಪ್ಪಿದ್ದರೆ ಕೂಡಲೇ ಕಂಪನಿಯಿಂದ ತಿದ್ದುಪಡಿ ಪತ್ರ ತರಿಸಬೇಕು. ಜೀವ ವಿಮೆಯ ಪಾಲಿಸಿ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದೆಂದು ಗ್ರಾಹಕರಿಗೆ ಹೇಳುವ ಕೆಲಸವೂ ಏಜೆಂಟರದೇ, ಕಮಿಷನ್ ಹೋದರೂ ಸರಿಯೇ.