ಮಕ್ಕಳ ಆಟದ ಮೂಲೆಗೆ ಯಾವ ಬಣ್ಣ?



ಮನೆಗೆ ಬಣ್ಣ ಹೊಡೆಸುವಾಗ ನಾವೆಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಮಕ್ಕಳು ಆಡುವ ಜಾಗಕ್ಕೆ ಯಾವ ಬಣ್ಣ ಒಳ್ಳೆಯದು? ನೀಲಿ ಹೊಡೆಸಿದರೆ ಮಗು ಶಾಂತವಾಗುತ್ತದೆ, ಹಳದಿಯಿಂದ ಬುದ್ಧಿ ಚುರುಕಾಗುತ್ತದೆ ಎಂದು ಹೇಳುವವರು ಬಹಳ. ಇದನ್ನು ಎಷ್ಟರ ಮಟ್ಟಿಗೆ ನಂಬಬೇಕು?

ವೈಟ್‌ಫೀಲ್ಡಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಈ ಊರು ಹುಟ್ಟಿದಾಗ ಸುತ್ತಲೂ ಮನೆಗಳು, ನಡುವೆ ಬಯಲು. ಮಣ್ಣು, ಹುಲ್ಲು, ಆಕಾಶಗಳೇ ಮಕ್ಕಳಿಗೆ ಬಣ್ಣ ಒದಗಿಸುತ್ತಿದ್ದವು. 1990ರ ದಶಕದಲ್ಲಿ ಐ.ಟಿ. ಪಾರ್ಕ್ ಬಂದ ಮೇಲೆ ಬಹುಮಹಡಿ ಕಟ್ಟಡಗಳು ಎದ್ದವು. ಈಗ ಅನೇಕ ಮಕ್ಕಳಿಗೆ ಹಜಾರದ ಒಂದು ಮೂಲೆ ಅಥವಾ ಬಾಲ್ಕನಿಯೇ ಆಟದ ಬಯಲು.

ಬಣ್ಣ ಔಷಧಿಯಲ್ಲ

1979ರಲ್ಲಿ ಅಮೆರಿಕದ ಸಿಯಾಟಲ್ ನಗರದ ನೌಕಾಪಡೆಯ ಸೆರೆಮನೆಯೊಂದರಲ್ಲಿ ಕೋಣೆಗೆ ಗುಲಾಬಿ ಬಣ್ಣ ಹೊಡೆಸಿದರು. ಕೈದಿಗಳ ಸಿಟ್ಟು ಇಳಿಯಿತೆಂದು ದೊಡ್ಡ ಸುದ್ದಿಯಾಯಿತು. ಆದರೆ 2015ರಲ್ಲಿ ಪ್ರಕಟವಾದ, ಸ್ವಿಟ್ಜರ್ಲೆಂಡಿನ ಸೆರೆಮನೆಯಲ್ಲಿ ನಡೆದ ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಆ ಪರಿಣಾಮ ಕಾಣಲಿಲ್ಲ. ಗೋಡೆಯ ಬಣ್ಣವೊಂದೇ ಮನಸ್ಸನ್ನು ತಿದ್ದಲಾರದು.

ಬಣ್ಣದ ಅರ್ಥವನ್ನು ನಾವು ಬಹುಮಟ್ಟಿಗೆ ಕಲಿತುಕೊಳ್ಳುತ್ತೇವೆ. ತಪಸ್ಸುಕಾಲದ ನೇರಳೆ, ಪಾಸ್ಖ ಹಬ್ಬದ ಬಿಳಿ ಏನು ಹೇಳುತ್ತವೆಂದು ಮಗುವಿಗೆ ವರ್ಷವರ್ಷವೂ ನೋಡಿಯೇ ತಿಳಿಯುವುದು. ಗುಲಾಬಿ ಹೆಣ್ಣುಮಗುವಿಗೆ, ನೀಲಿ ಗಂಡುಮಗುವಿಗೆ ಎಂಬುದೂ ಹೀಗೆ ಕಲಿತದ್ದೇ. 1918ರಲ್ಲಿ ಅಮೆರಿಕದ ಒಂದು ವ್ಯಾಪಾರ ಪತ್ರಿಕೆ ಇದಕ್ಕೆ ತದ್ವಿರುದ್ಧವಾಗಿ ಬರೆದಿತ್ತು!

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಬೆಳಕು ನೋಡಿ. ಎದುರಿನ ಕಟ್ಟಡ ಬಿಸಿಲನ್ನು ಮರೆಮಾಡಿದ್ದರೆ ಗಾಢ ಬಣ್ಣ ಬೇಡ. ಅದು ಇದ್ದ ಬೆಳಕನ್ನೂ ನುಂಗುತ್ತದೆ. ತಿಳಿ ಕೆನೆಬಣ್ಣ ಬೆಳಕನ್ನು ಹರಡುತ್ತದೆ. ಪಶ್ಚಿಮದ ಕಿಟಕಿಯಿದ್ದರೆ ಕಡು ಹಳದಿ ಸಂಜೆ ಕಣ್ಣು ಕುಕ್ಕುತ್ತದೆ. ತಿಳಿ ಹಸಿರು ಹಿತ.

ಎರಡನೆಯದಾಗಿ, ಗೋಡೆ ಸರಳವಾಗಿರಲಿ, ಬಣ್ಣ ಆಟಿಕೆಗಳಲ್ಲಿರಲಿ. ಗೋಡೆತುಂಬ ಚಿತ್ರಗಳಿದ್ದ ಕೋಣೆಯಲ್ಲಿ ಪುಟ್ಟ ಮಕ್ಕಳ ಗಮನ ಪಾಠದಿಂದ ಹೆಚ್ಚಾಗಿ ಚದುರಿತೆಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು. ಒಂದು ಚಾಪೆ, ಒಂದು ಬುಟ್ಟಿ, ನಾಲ್ಕು ಚನ್ನಪಟ್ಟಣದ ಗೊಂಬೆಗಳು ಸಾಕು. ಮಗು ಬೆಳೆದಂತೆ ಇವನ್ನು ಸುಲಭವಾಗಿ ಬದಲಿಸಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹಳೆಯ ಹೊಳೆಯುವ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದು ಮಗುವಿನ ಮೆದುಳಿಗೆ ಹಾನಿಕರ. ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ. ಹಳೆಯ ಬಣ್ಣ ಸಿಪ್ಪೆ ಏಳುತ್ತಿರುವ ಕಿಟಕಿ, ಜೋಕಾಲಿಗಳಿಂದ ಮಕ್ಕಳನ್ನು ದೂರವಿಡಿ. ಒಣಗಿದ್ದಾಗಲೇ ಉಜ್ಜಿ ಪುಡಿ ಎಬ್ಬಿಸಬೇಡಿ.

ಕೊನೆಯದಾಗಿ, ಮಗುವನ್ನೇ ಕೇಳಿ. ಮೂರು ತಿಳಿಬಣ್ಣಗಳನ್ನು ನೀವು ಆರಿಸಿ, ಅವುಗಳಲ್ಲಿ ಒಂದನ್ನು ಅದು ಆರಿಸಲಿ. ತಾನೇ ಆರಿಸಿದ ಮೂಲೆಯನ್ನು ಮಗು ತನ್ನದೆಂದು ಜೋಪಾನ ಮಾಡುತ್ತದೆ.

ಒಂದು ಮಾತು ನೆನಪಿರಲಿ. ಮನೆಯಲ್ಲಿ ಹಠಮಾಡುವ ಮಗುವನ್ನು ಕಂಡು ಗೋಡೆಯ ಬಣ್ಣ ಬದಲಿಸಲು ಹೊರಡುವ ಮೊದಲು, ಇಂದು ಅದು ಎಷ್ಟು ಹೊತ್ತು ಹೊರಗೆ ಓಡಿತು, ಎಷ್ಟು ಹೊತ್ತು ನಾವು ಅದರೊಡನೆ ಚಾಪೆಯ ಮೇಲೆ ಕುಳಿತೆವು ಎಂದು ಕೇಳಿಕೊಳ್ಳೋಣ.

ಮನೆಯಲ್ಲಿ ಮಾತನಾಡಲು:
1. ನಮ್ಮ ಮಗು ಆಡುವ ಜಾಗಕ್ಕೆ ಯಾವ ಹೊತ್ತಿನಲ್ಲಿ ಬೆಳಕು ಬರುತ್ತದೆ?
2. ಅಲ್ಲಿರುವ ವಸ್ತುಗಳಲ್ಲಿ ಮಗು ತಾನೇ ಆರಿಸಿದ್ದು ಯಾವುದು?
3. ವಾರದಲ್ಲಿ ಯಾವ ಸಂಜೆ ನಾವೆಲ್ಲ ಒಟ್ಟಿಗೆ ಬಯಲಿಗೆ ಹೋಗಬಹುದು?