ಕೂಸು ಹುಟ್ಟುವ ಮುನ್ನ ಕುಲಾವಿ ಬೇಡ

ಜಿಗಿಯುವ, ಹಳ್ಳ ದಾಟುವ, ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುವ ಪ್ಲಾಟ್‌ಫಾರ್ಮ್ ಗೇಮ್ ಮಾಡಲು ಹೊರಟ ಮಕ್ಕಳೇ, ಆಟವನ್ನು ಡೌನ್‌ಲೋಡ್‌ಗೆ ಬಿಡಬೇಕೋ, ಡಬ್ಬಿಯಲ್ಲಿಟ್ಟು ಅಂಗಡಿಗೆ ಕಳಿಸಬೇಕೋ ಎಂದು ಕೇಳುತ್ತೀರಿ. ಮೊದಲು ಡೌನ್‌ಲೋಡ್. ಡಬ್ಬಿ ಆಮೇಲೆ, ಅದೂ ಜನ ಕೇಳಿದರೆ.

ಡಿಸ್ಕ್, ಕಾರ್ಟ್ರಿಡ್ಜ್ ಎಂದರೆ ಮೊದಲೇ ಹಣ ಸುರಿಯಬೇಕು. ಮಾಡಿಸಬೇಕು, ಸಾಗಿಸಬೇಕು, ಅಂಗಡಿಗೆ ಕಮಿಷನ್ ಬಿಡಬೇಕು. ಮಾರದೆ ಉಳಿದ ಮಾಲಿನ ಹೊರೆಯೂ ತಯಾರಿಸಿದವರಿಗೇ. ಡೌನ್‌ಲೋಡ್ ಹಾಗಲ್ಲ: ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಆಟ ಇಡಲು ಶುಲ್ಕ 100 ಡಾಲರ್. ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 30 ಅವರಿಗೆ ಹೋಗುತ್ತದೆ. ಪಾಲು ದೊಡ್ಡದೇ, ಆದರೆ ಅದು ಮಾರಿದ ಮೇಲೆ ಕೊಡುವ ಪಾಲು. ಸೋತರೆ ಸಾಲವಾಗಿ ಕಾಡುವುದಿಲ್ಲ.

ಯೂಬಿಸಾಫ್ಟ್‌ನ ‘ರೇಮನ್ ಆರಿಜಿನ್ಸ್’ ನೋಡಿ. ಕಂತುಕಂತಾಗಿ ಡೌನ್‌ಲೋಡ್‌ಗೆ ಬಿಡಬೇಕೆಂದು ಶುರುವಾದ ಆಟ 2011ರ ನವೆಂಬರ್‌ನಲ್ಲಿ 60 ಡಾಲರಿನ ಡಿಸ್ಕ್ ಆಗಿ ಬಂತು. ‘ಸ್ಕೈರಿಮ್’, ‘ಮಾಡರ್ನ್ ವಾರ್‌ಫೇರ್ 3’ರಂಥ ದೊಡ್ಡ ಆಟಗಳೂ ಅದೇ ತಿಂಗಳು ಅಂಗಡಿಗೆ ಇಳಿದಿದ್ದವು. ವಿಮರ್ಶಕರು ಮೆಚ್ಚಿದರೂ ಆರಂಭದ ಮಾರಾಟ ಮಂಕಾಯಿತು. ಅಂಗಡಿಯ ಕಪಾಟು ಮೊದಲ ಕೆಲವು ವಾರವಷ್ಟೇ ಕಾಯುತ್ತದೆ; ಆಮೇಲೆ ಆ ಜಾಗ ಇನ್ನೊಬ್ಬರದು.

ಇನ್ನು ‘ಬ್ರೇಡ್’. 2008ರಲ್ಲಿ ಎಕ್ಸ್‌ಬಾಕ್ಸ್ ಲೈವ್ ಆರ್ಕೇಡ್ ಎಂಬ ಡೌನ್‌ಲೋಡ್ ಅಂಗಡಿಯಲ್ಲಿ 15 ಡಾಲರಿಗೆ ಸಿಗುತ್ತಿದ್ದ ಈ ಆಟ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. 60 ಡಾಲರ್ ಕೇಳಿದ್ದರೆ ಕೊಂಡವರು ಶಪಿಸುತ್ತಿದ್ದರು. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡವೊಂದು 2017ರಲ್ಲಿ ಬಿಟ್ಟ ‘ಹಾಲೋ ನೈಟ್’ನ ಬೆಲೆಯೂ 15 ಡಾಲರ್. ಬಾಯಿಂದ ಬಾಯಿಗೆ ಹರಡಿ, 2025ರ ಹೊತ್ತಿಗೆ ಒಂದೂವರೆ ಕೋಟಿ ಪ್ರತಿ ಮಾರಾಟವಾಯಿತು. ಅಷ್ಟು ವರ್ಷ ಕಾಯುವ ತಾಳ್ಮೆ ಯಾವ ಅಂಗಡಿಗಿದೆ?

‘ಮಾರಿಯೋ ಮಾತ್ರ ಡಬ್ಬಿಯಲ್ಲೇ ಗೆದ್ದನಲ್ಲ’ ಎನ್ನುತ್ತೀರಿ. ನಿಜ. 2009ರ ‘ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ವೀ’ ಡಿಸ್ಕ್ ಮೂರು ಕೋಟಿ ದಾಟಿತು. ಆದರೆ 1985ರಿಂದ ಮನೆಮಾತಾದ ಆ ಕೆಂಪು ಟೋಪಿಯನ್ನು, ಮಗುವಿಗೆ ಉಡುಗೊರೆ ಹುಡುಕುವ ಅಪ್ಪ ದೂರದಿಂದಲೇ ಗುರುತಿಸುತ್ತಾನೆ. ನಿಮ್ಮ ನಾಯಕನ ಪರಿಚಯ ಇನ್ನೂ ಯಾರಿಗೂ ಇಲ್ಲ.

ಹಾಗೆಂದು ಡೌನ್‌ಲೋಡನ್ನು ಕಣ್ಣುಮುಚ್ಚಿ ನಂಬಬೇಡಿ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತು. 2024ರ ಜುಲೈನಲ್ಲಿ ಎಕ್ಸ್‌ಬಾಕ್ಸ್ 360ರ ಅಂಗಡಿಯೂ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಇನ್ನು ಹೊಸದಾಗಿ ಕೊಳ್ಳುವಂತಿಲ್ಲ. ಆದ್ದರಿಂದ ಒಂದೇ ಅಂಗಡಿಗೆ ಜೋತುಬೀಳಬೇಡಿ. ಮೂಲ ಕೋಡ್, ಚಿತ್ರ, ಸಂಗೀತವನ್ನು ಎರಡು ಮೂರು ಕಡೆ ಜೋಪಾನವಾಗಿಡಿ. ಆಟಕ್ಕೆ ಅಭಿಮಾನಿಗಳು ಹುಟ್ಟಿದ ಮೇಲೆ ಡಬ್ಬಿ ಮಾಡಿಸಿ. ‘ಶವೆಲ್ ನೈಟ್’ 2014ರಲ್ಲಿ ಡೌನ್‌ಲೋಡ್ ಆಗಿ ಬಂದು, ಹೆಸರು ಮಾಡಿದ ಮೇಲೆ 2015ರಲ್ಲಿ ಅಂಗಡಿ ಸೇರಿತು. ಆ ದಾರಿ ಹಿಡಿಯಿರಿ.

ಎಲ್ಲಕ್ಕಿಂತ ಮೊದಲು ಜಿಗಿತವನ್ನು ತಿದ್ದಿ. ಬಟನ್ ಒತ್ತಿದ ಕ್ಷಣಕ್ಕೆ ನಾಯಕ ನೆಗೆಯದಿದ್ದರೆ ಡೌನ್‌ಲೋಡೂ ಉಳಿಸದು, ಡಬ್ಬಿಯೂ ಉಳಿಸದು.