ತೋಟದ ನೆರಳು ಮತ್ತು ಬದಲಾಗುತ್ತಿರುವ ಮಳೆ

ಮಳೆಯ ರೀತಿ ಬದಲಾಗುತ್ತಿದೆ ಎಂಬುದು ಈಗ ಜಗಲಿಯ ಮೇಲಿನ ಮಾತಾಗಿ ಉಳಿದಿಲ್ಲ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ವಿಜ್ಞಾನಿಗಳು 1958ರಿಂದ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಅಳೆಯುತ್ತ ಬಂದಿದ್ದಾರೆ. ಆಗ ದಶಲಕ್ಷಕ್ಕೆ ಸುಮಾರು 315 ಭಾಗವಿದ್ದುದು ಈಗ 420ನ್ನು ದಾಟಿದೆ. ಕಲ್ಲಿದ್ದಲು ಮತ್ತು ಎಣ್ಣೆಯನ್ನು ಸುಟ್ಟುದೇ ಇದಕ್ಕೆ ಮುಖ್ಯ ಕಾರಣ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಆದುದರಿಂದ ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ, ಬಿಡುವಿನ ದಿನಗಳಲ್ಲಿ ನೆಲವನ್ನು ಹೆಚ್ಚು ಒಣಗಿಸುತ್ತದೆ. ಲೋಕದ ಹೊಗೆಯನ್ನು ನಾವು ನಿಲ್ಲಿಸಲಾರೆವು. ಆದರೆ ಆ ಮಳೆ ಬೀಳುವ ನೆಲ ನಮ್ಮ ಕೈಯಲ್ಲಿದೆ.

ಕಾಫಿಗೆ ಹೂಮಳೆ ಎಷ್ಟು ಮುಖ್ಯವೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ಮೊಗ್ಗು ಬಲಿತಾಗ ಒಂದು ಅಂಗುಲದಷ್ಟು ಮಳೆ, ಅದಾದ ಎರಡು ಮೂರು ವಾರಗಳಲ್ಲಿ ಕಾಯಿ ನಿಲ್ಲಲು ಬ್ಯಾಕಿಂಗ್ ಮಳೆ ಬೇಕು. ಅರೆಬರೆ ಮಳೆಯಾದರೆ ಹೂವೂ ಅರೆಬರೆಯೇ. ಸ್ಪ್ರಿಂಕ್ಲರ್ ಇದೆಯಲ್ಲ ಎನ್ನುವವರು ಒಂದು ಲೆಕ್ಕ ನೋಡಬೇಕು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಐದು ಎಕರೆಯ ರೊಬಸ್ಟಾಕ್ಕೆ ಹೂವಿಗೊಮ್ಮೆ, ಬ್ಯಾಕಿಂಗಿಗೊಮ್ಮೆ ಹೊಡೆದರೆ ಹತ್ತು ಲಕ್ಷ ಲೀಟರು. ಪಂಪು ಎಷ್ಟು ಕುದುರೆ ಶಕ್ತಿಯದಾದರೇನು, ಫೆಬ್ರವರಿಯ ಹಳ್ಳದಲ್ಲಿ ಅಷ್ಟು ನೀರು ಇರಬೇಕಷ್ಟೆ. ಆ ನೀರು ಹಿಂದಿನ ಜುಲೈಯಲ್ಲಿ ಮೇಲಿನ ಬೆಟ್ಟದಲ್ಲೂ ನೆರಳಿನಡಿಯ ತರಗೆಲೆಯಲ್ಲೂ ನಿಂತು ಇಂಗಿದ ನೀರು. ಹನಿ ಮೊದಲು ಮೇಲಿನ ಮರಕ್ಕೆ, ಆಮೇಲೆ ಹಾಲುವಾಣಕ್ಕೆ, ಆಮೇಲೆ ಕಾಫಿ ಗಿಡಕ್ಕೆ ತಾಗಿ ತರಗೆಲೆಯ ಮೇಲೆ ಬಿದ್ದರೆ ಮಣ್ಣು ಏಳುವುದಿಲ್ಲ. ಬೋಳು ನೆಲದಲ್ಲಿ ಅದೇ ಹನಿ ಮಣ್ಣನ್ನು ಕೆಸರು ಮಾಡಿ ಹೊಳೆಗೆ ಒಯ್ಯುತ್ತದೆ.

ಇಷ್ಟು ತಿಳಿದಿದ್ದರೂ ಕಾಡುಮರ ಕಡಿದು ಸಿಲ್ವರ್ ಓಕ್ ಹಾಕುವುದು ನಡೆದೇ ಇದೆ. ಅದಕ್ಕೆ ಕಾರಣವೂ ಇದೆ, ಸಣ್ಣ ಬೆಳೆಗಾರರನ್ನು ದೂರುವುದು ಸುಲಭ. ಆಸ್ಟ್ರೇಲಿಯದಿಂದ ಬಂದ ಈ ಮರ ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಗಳ ಮದುವೆಗೆ ಮಾರಿದರೆ ಕೈಗೆ ದುಡ್ಡು. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೇರಿದಾಗ, ಬಿಸಿಲು ಬಿಟ್ಟರೆ ಇನ್ನೆರಡು ಮೂಟೆ ಹೆಚ್ಚು ಬಂದೀತೆಂಬ ಆಸೆಯೂ ಸೇರಿತು. ಸಿಲ್ವರ್ ಓಕನ್ನು ಪೂರ್ತಿ ಬೇಡವೆನ್ನುವ ಪಂಥ ನಮ್ಮದಲ್ಲ. ಆದರೆ ಅದೊಂದೇ ಇರುವ ತೋಟವನ್ನು ನೆರಳಿನ ತೋಟವೆನ್ನಲು ನಮಗೆ ಮನಸ್ಸಿಲ್ಲ. ಅದರ ಎಲೆ ಕೊಳೆಯಲು ನಿಧಾನ, ಅತ್ತಿ ಬಸರಿಗಳಂತೆ ಅಗಲವಾದ ಕೊಡೆಯೂ ಅಲ್ಲ. ಅರೇಬಿಕಾ ಬೆಳೆಯುವವರಿಗಂತೂ ಇನ್ನೊಂದು ಅಪಾಯವಿದೆ. ಬಿಳಿ ಕಾಂಡಕೊರಕದ ಹೆಣ್ಣು ದುಂಬಿ ಮೊಟ್ಟೆಯಿಡಲು ಬಿಸಿಲು ಬಿದ್ದ ಕಾಂಡವನ್ನೇ ಹುಡುಕುತ್ತದೆ. ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ ಅದರ ಹಾರಾಟ.

ನೆರಳು ಹೆಚ್ಚಾದರೂ ಕಷ್ಟವೇ. ಮಳೆಗಾಲದಲ್ಲಿ ಗಾಳಿಯಾಡದ ಕಡೆ ಕಾಫಿಗೆ ಕೊಳೆರೋಗ ಹಿಡಿಯುತ್ತದೆ. ಅದಕ್ಕೆ ಮದ್ದು ಮುಂಗಾರಿಗೆ ಮುಂಚೆ ಮಾಡುವ ಮರಗಸಿ. ಕೊಂಬೆ ಸವರುವುದು ಬೇರೆ, ಬುಡಕ್ಕೆ ಗರಗಸ ಇಡುವುದು ಬೇರೆ.

ಅಡಿಕೆಯವರದು ಬೇರೆ ಕಥೆ. ಪಡುವಣದ ಮತ್ತು ನೈರುತ್ಯದ ಬಿಸಿಲು ನೇರ ಬಿದ್ದರೆ ಅಡಿಕೆಯ ಕಾಂಡ ಸುಟ್ಟು ಸೀಳುತ್ತದೆ. ಹಿರಿಯರು ಆ ಅಂಚಿನ ಮರಗಳನ್ನು ಮುಟ್ಟದೆ ಬಿಟ್ಟದ್ದು ಸುಮ್ಮನೆ ಅಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ (ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ) ಮಳೆಯ ಬಿಡುವು ಬೇಕು. ಎರಡನೆಯ ಸಿಂಪಡಣೆಯ ಹೊತ್ತಿಗೆ ಬಿಡುವೇ ಸಿಗದ ವರ್ಷ ಗೊನೆ ಉದುರುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪಿಲ್ಲವಾದರೆ ಬುಡಕ್ಕೆ ಏನು ಹಾಕುವುದೆಂಬ ಪ್ರಶ್ನೆ ಬೇರೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಮರುವರ್ಷ ಅದೇ ತಿಂಗಳಲ್ಲಿ ಮೂಡಿಗೆರೆಯ ಕಡೆ, 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡಗಳು ಜರಿದದ್ದನ್ನು ಎಲ್ಲರೂ ಬಲ್ಲೆವು. ಅಂಥ ಮಳೆಗೆ ದಟ್ಟ ಕಾಡೂ ಕೆಲವೆಡೆ ಜರಿಯಿತು. ಮರವಿದ್ದರೆ ಸಾಕೆಂದು ಹೇಳಲಾಗದು. ಆದರೆ ಮನೆಗೆ, ರಸ್ತೆಗೆ ಕಡಿದಾಗಿ ತೋಡಿದ ಇಳಿಜಾರು ಹೆಚ್ಚು ದುರ್ಬಲ. ತೊಟ್ಟಿಲು ಗುಂಡಿ ಸಾಧಾರಣ ಇಳಿಜಾರಿಗೆ ಒಳ್ಳೆಯದು. ತೀರ ಕಡಿದಾದ ಕಡೆ, ನೆಲ ಬಿರುಕು ಬಿಟ್ಟ ಕಡೆ ನೀರು ನಿಲ್ಲಿಸದೆ ಚರಂಡಿಯಿಂದ ಹೊರಗೆ ಹರಿಯಬಿಡಬೇಕು. ಬಿರುಕು ಕಂಡರೆ ಮಳೆಯಲ್ಲಿ ಅದರ ಕೆಳಗಿನ ಮನೆಯಲ್ಲಿ ಮಲಗಬಾರದು.

ಈ ಸಾಲಿನಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸಿಲ್ವರ್ ಓಕ್ ಕಡಿದ ಜಾಗಕ್ಕೆ ಮತ್ತೆ ಅದನ್ನೇ ಇಡದೆ ಅತ್ತಿ, ಬಸರಿ, ಹಲಸು, ನಂದಿ, ನೇರಳೆಗಳಲ್ಲಿ ಸಿಕ್ಕಿದ್ದನ್ನು ನೆಡಬೇಕು. ಹಳ್ಳದ ಎರಡೂ ದಡದಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಕಳೆ ಕತ್ತಿಯವರು ಸವರದಂತೆ ಕೋಲು ನೆಟ್ಟು ಗುರುತು ಮಾಡಿದರೆ ಖರ್ಚೇ ಇಲ್ಲ. ಮೃಗಶಿರಾ ಹಿಡಿದು ಆರ್ದ್ರಾ ಮುಗಿಯುವೊಳಗೆ ನೆಟ್ಟ ಗಿಡ ಬೇಸಗೆಗೆ ಮುಂಚೆ ಬೇರು ಬಿಡುತ್ತದೆ. ಮೊದಲ ಎರಡು ಬೇಸಗೆ ಬುಡಕ್ಕೆ ತರಗು ಮುಚ್ಚಿ, ಪಡುವಣಕ್ಕೆ ಒಂದು ಸೊಪ್ಪಿನ ಮರೆ ಕಟ್ಟಬೇಕು.